ಅಮ್ಮಚ್ಚಿಯ ಡ್ಯೂಟಿ

ಲೋ ಸಾಜನ್,

ನನ್ನ ಗೆಳತಿಯ ಮಗಳು ಜಿನ್ಸಿಯ ನಿಶ್ಚಿತಾರ್ಥಕ್ಕೆ ಚಂಗನಾಶ್ಶೇರಿಗೆ ಹೊರಟೆ. ಇವತ್ತು ಅಮ್ಮಚ್ಚಿಯನ್ನು, ನಿನ್ನ ಹೆತ್ತಮ್ಮನನ್ನು, ನೋಡಿಕೊಳ್ಳುವ ಸರದಿ ನಿನ್ನದು. ಮರಗೆಣಸು ಬೇಯಿಸಿಟ್ಟಿದ್ದೇನೆ, ಮೀನು ಸಾರೂ ಇದೆ. ಮುಳ್ಳು ತೆಗೆದು ಬಡಿಸು.

ಸಂಜೆ ಚಹಾ ಕುಡಿದ ಮೇಲೆ ಅಮ್ಮಚ್ಚಿ ಸೀರೆ ಸರಿಮಾಡಿಕೊಂಡು, "ಆಸ್ಪತ್ರೆ ಬಸ್ ಬಂತಾ? ನೈಟ್ ಡ್ಯೂಟಿ ಇದೆ" ಎಂದು ಬಾಗಿಲಿಗೆ ಹೋಗುತ್ತಾಳೆ. ಆಗ ದಯವಿಟ್ಟು ನಿನ್ನ ಬುದ್ಧಿ ಖರ್ಚು ಮಾಡಬೇಡ. "ನೀನು ನರ್ಸ್ ಕೆಲಸದಿಂದ ರಿಟೈರ್ ಆಗಿ ಯಾವ ಕಾಲ ಆಯ್ತು!" ಎಂದು ಹೋದ ವಾರ ನೀನು ಅವಳನ್ನು ಅಳಿಸಿದ್ದು ಸಾಕು.

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆಂದೇ ಇರುವ ಚಾಟ್‌ಬಾಟ್, ನೀನು ನೋಡಿ ನಗುತ್ತೀಯಲ್ಲ, ಏನು ಮಾಡಲಿ ಎಂದು ಅದನ್ನೇ ಕೇಳಿದೆ. ಮೊದಲು ಹಳೆಯ ಹಾಡು ಹಾಕಿ ಎಂದಿತು. ಹಾಕಿದ್ದಕ್ಕೆ, "ವಾರ್ಡಲ್ಲಿ ಹಾಡಾ? ರೋಗಿಗಳು ಮಲಗೋದು ಬೇಡ್ವಾ?" ಎಂದು ಬೈಸಿಕೊಂಡೆ. ಅದನ್ನೂ ಅದಕ್ಕೆ ಹೇಳಿದೆ. ಹಾಗಾದರೆ ಅವರಿಗೆ ಡ್ಯೂಟಿಯನ್ನೇ ಕೊಡಿ ಎಂದಿತು. "ಸಿಸ್ಟರ್, ಇವತ್ತು ನಿಮ್ಮ ಡ್ಯೂಟಿ ಇದೇ ವಾರ್ಡಲ್ಲಿ" ಎಂದು ಕೊಟ್ಟೆ. ಈಗ ಮನೆಯ ಹೊದಿಕೆಗಳನ್ನೆಲ್ಲ ಮಡಚಿ, ಆಮೇಲೆ ನಾಡಿ ನೋಡಲು ಬರುತ್ತಾಳೆ. ಟಿವಿ ಆರಿಸಿ ತೆಪ್ಪಗೆ ಕೈ ಚಾಚು. ಮಾತ್ರೆಯ ವಿಷಯ ಮಾತ್ರ ಮೊಬೈಲನ್ನು ಕೇಳಬೇಡ, ಡಾಕ್ಟರಿಗೇ ಫೋನ್ ಮಾಡು.

ನಿನ್ನೆ ಆ ಚಾಟ್‌ಬಾಟ್, "ನೀವು ಸರಿಯಾಗಿ ನಿದ್ದೆ ಮಾಡುತ್ತಿದ್ದೀರಾ?" ಎಂದು ನನ್ನನ್ನೇ ಕೇಳಿತು. ಇದೆಲ್ಲ ಬಾಯಿಮಾತು ಎಂದು ಮೊಬೈಲ್ ಮಗುಚಿಟ್ಟೆ. ಅಷ್ಟರಲ್ಲಿ ಅಮ್ಮಚ್ಚಿ ನನ್ನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತಾ, "ನಿದ್ದೆಗೆಟ್ಟಿದ್ದೀಯ ಕಣಮ್ಮಾ. ನಿನ್ನನ್ನ ನೋಡ್ಕೊಳ್ಳೋರು ಯಾರೂ ಇಲ್ವಾ?" ಎಂದಳು.

"ಒಬ್ಬ ತಮ್ಮ ಇದ್ದಾನೆ ಸಿಸ್ಟರ್" ಎಂದಿದ್ದೇನೆ. ನನ್ನ ಮಾತು ಉಳಿಸು.

ನಿನ್ನ ಅಕ್ಕ, ಚೇಚಿ