ಕೋಟೆಬಾಗಿಲಲ್ಲಿ ಕರೆದದ್ದು

ತುಮಕೂರು
೧೫-೧೧-೨೦೨೪

ನನ್ನ ಅಮ್ಮನಿಗೆ,

ಎರಡೂಮುಕ್ಕಾಲು ಗಂಟೆ. ನಡುಮನೆಯಲ್ಲಿ ತೊಟ್ಟಿಲ ಸರಪಳಿ ಕಿರುಗುಟ್ಟಿ ಎಚ್ಚರವಾಯಿತು. ಬೆಳಿಗ್ಗೆಯ ನಾಮಕರಣಕ್ಕೆಂದು ಕಟ್ಟಿಟ್ಟ ತೊಟ್ಟಿಲು. ಕೂಸು ನನ್ನ ಪಕ್ಕದಲ್ಲೇ ಮಲಗಿತ್ತು. ಬರಿ ತೊಟ್ಟಿಲು ತೂಗಬಾರದು ಅಂತ ಕಲಿಸಿದವಳು ನೀನೇ, ಅದಕ್ಕೇ ಎದ್ದು ಹೋಗಿ ಕೈಯಿಟ್ಟು ನಿಲ್ಲಿಸಿದೆ. ನಿಂತಿತು. ಆದರೆ ಅದು ಬರಿ ತೊಟ್ಟಿಲಿನಷ್ಟು ಹಗುರವಾಗಿರಲಿಲ್ಲ ಅಮ್ಮಾ.

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಈ ಕಾಗದದ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತೇನೆ.

ಭಾನುವಾರ ಬಾಣಂತನ ಮುಗಿಸಿ ಕುಣಿಗಲ್‌ನಿಂದ ಕಳಿಸಿಕೊಟ್ಟೆಯಲ್ಲ, ನೇರ ಮನೆಗೆ ಬಂದೆವು ಅಂದಿದ್ದೆ. ಬರಲಿಲ್ಲ. ಅಭಿರಾಮ್ ಶಿಂಷಾ ಹೊಳೆಯ ದಂಡೆ ಮೇಲಿನ ಕೋಟೆ ನೋಡೋಣ ಅಂತ ಕಾರು ತಿರುಗಿಸಿದರು. ಐನೂರು ವರ್ಷ ಹಳೆಯದಂತೆ, ಒಂದು ಕಲ್ಲೂ ಅಲುಗಿಲ್ಲ. ಬಾಗಿಲ ಮೊಳೆಗಳು, ಕಣಜದ ಮುಚ್ಚಳ, ಹೊಳೆ ಕಡೆಯ ಕಿಟಕಿಯ ಮೇಲೆ ತೊಟ್ಟಿಲು ಕಟ್ಟುತ್ತಿದ್ದ ಕೊಂಡಿ, ಎಲ್ಲ ಹಾಗೇ ಇದೆ. ಕಾವಲುಗಾರ ಚಿಕ್ಕಮಾರಯ್ಯ ಆ ಕೊಂಡಿ ತೋರಿಸಿ, 'ಒಂಚೂರೂ ತುಕ್ಕಿಲ್ಲ ನೋಡ್ರವ್ವಾ. ತೂಗೋರಿದ್ರೆ ತುಕ್ಕು ಎಲ್ ಹಿಡಿತದೆ!' ಅಂತ ನಕ್ಕ.

ಜನವಿಲ್ಲದ ಜಾಗ ಬಿಡುವಾಗ ಕೂಸನ್ನು ಮೂರು ಸಲ ಕರೆದೇ ಬರಬೇಕು, ಹೆಸರಿಡದ ಕೂಸಾದರೆ ತಾಯಿಯ ಹೆಸರು ಹಿಡಿದು ಕರೆಯಬೇಕು ಅಂತ ಹೇಳಿದ್ದೆಯಲ್ಲ. ನಾನು 'ಅಪರ್ಣನ ಮಗನೇ' ಅನ್ನುವುದನ್ನು ಮರೆತೆ. ಕೋಟೆಬಾಗಿಲಲ್ಲಿ ನಿಂತು, 'ಬಾ ಕಂದಾ, ಮನೆಗೆ ಹೋಗೋಣ' ಅಂತಷ್ಟೇ ಮೂರು ಸಲ ಕರೆದೆ. 'ಯಾರನ್ನೇ ಕರೀತಿದೀಯಾ? ಇವ್ನು ನನ್ ಹೆಗಲ ಮೇಲೇ ಗೊರಕೆ ಹೊಡೀತಿದಾನೆ' ಅಂತ ಅಭಿರಾಮ್ ರೇಗಿಸಿದರು.

ಅವತ್ತಿನಿಂದ ನಿದ್ದೆಯಿಲ್ಲ. ಅತ್ತೆಗೆ ಹೇಳಿದರೆ, 'ಬಾಣಂತಿ ತಲೆಗೆ ಗಾಳಿ ಹೊಕ್ಕಿದೆ ಕಣೇ, ಕಿವಿಗೆ ಹತ್ತಿ ಇಟ್ಕೋ' ಅನ್ನುತ್ತಾರೆ.

ಏಳೂವರೆಗೆ ಇವನನ್ನು ಅದೇ ತೊಟ್ಟಿಲಲ್ಲಿ ಮಲಗಿಸಿ ಕಿವಿಯಲ್ಲಿ ಹೆಸರು ಹೇಳುತ್ತಾರೆ. ಅಲ್ಲಿ ಮೊದಲೇ ಇನ್ನೊಂದು ಮಲಗಿದ್ದರೆ? ಹೆಸರು ಯಾರ ಪಾಲಾಗುತ್ತದೆ, ಹೆಸರಿಲ್ಲದೆ ಉಳಿಯುವವರು ಯಾರು? ಕರೆದದ್ದನ್ನು ವಾಪಸ್ ಕಳಿಸುವುದು ಹೇಗೆಂದು ನಿನಗೆ ಗೊತ್ತಿರಲೇಬೇಕು.

ನಿನ್ನ
ಅಪರ್ಣ

ತಾ.ಕ.: ಮರೆತೆ ಅಂದದ್ದು ಸುಳ್ಳು, ಅಮ್ಮಾ. ಆ ಕಿಟಕಿಯ ಕೆಳಗೆ, ಹೊಳೆಯ ಕಡೆಯಿಂದ, ಒಂದು ಕೂಸು ಅಳುತ್ತಿತ್ತು. ಬೇರೆ ಯಾರಿಗೂ ಕೇಳಿಸಲಿಲ್ಲ. ನನಗೆ ಹಾಲು ತೊಟ್ಟಿಕ್ಕಿ ಕುರ್ತಾ ಒದ್ದೆಯಾಯಿತು. ನಾನು ಕರೆದದ್ದು ಅದನ್ನೇ. ಈಗ ನಡುಮನೆಯಲ್ಲಿ ಅದೇ ಅಳು ಶುರುವಾಗಿದೆ, ಎದೆ ಬಿಗಿಯುತ್ತಿದೆ. ಮೊದಲ ಬಸ್ಸಿಗೆ ನೀನು ಬರುತ್ತೀ, ಗೊತ್ತು. ಅಷ್ಟು ಹೊತ್ತು ಎತ್ತಿಕೊಳ್ಳದೆ ಇರಲಾರೆ. ನಿನ್ನ ದಮ್ಮಯ್ಯ ಅಮ್ಮಾ, ಬೆಳಗಾಗುವ ಮೊದಲು ಫೋನ್ ಮಾಡು.