ಸ್ಕಿಮ್ಮರ್‌ನ ಕಿವಿ

ಟ್ರೂನ್, ಸ್ಕಾಟ್ಲೆಂಡ್
14 ಮೇ 1947

ಪ್ರೀತಿಯ ಎನಿಡ್,

ನನ್ನ ಅಕ್ಷರ ಕಂಡೂ ಲಕೋಟೆಯನ್ನು ಒಲೆಗೆ ಹಾಕದೆ ಒಡೆದೆಯಲ್ಲ, ಅದೇ ದೊಡ್ಡದು. ನಾನು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು.

ನಮ್ಮ ಜಲಾಂತರ್ಗಾಮಿ ಸ್ಕಿಮ್ಮರ್ ಅನ್ನು ಇಲ್ಲಿ ಒಡೆದು ಗುಜರಿ ಮಾಡುತ್ತಿದ್ದಾರೆ. ನಲವತ್ತೊಂದರಲ್ಲಿ ನೀರಿಗಿಳಿದದ್ದು. ನಾರ್ವೆಯ ಕಡೆ ಒಂದು ಚಳಿಗಾಲ, ಮೆಡಿಟರೇನಿಯನ್‌ನಲ್ಲಿ ಹದಿನೇಳು ಗಸ್ತು, ಕೊನೆಗೆ ಹೊಸಬರಿಗೆ ಮುಳುಗುವುದನ್ನು ಕಲಿಸುವ ಕೆಲಸ. ಅದರಲ್ಲಿ ನಾನೇನು ಮಾಡುತ್ತಿದ್ದೆನೆಂದು ನೀನು ಕೇಳಿದಾಗಲೆಲ್ಲ "ಕೂತ್ಕೊಂಡು ಕೇಳ್ತಿದ್ದೆ" ಎಂದು ನಕ್ಕುಬಿಡುತ್ತಿದ್ದೆ. ನಿಜಕ್ಕೂ ಅಷ್ಟೇ. ಗಾಳಿ ಉಳಿಸಲೆಂದು ಹಗಲಿಡೀ ಎಲ್ಲರೂ ನೀರಿನಡಿಯಲ್ಲಿ ಮಲಗಿರುತ್ತಿದ್ದರು. ನಾನು ಮಾತ್ರ ಬೀರುವಿನಷ್ಟು ಜಾಗದಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕಡಲನ್ನು ಕೇಳುತ್ತಿದ್ದೆ. ಸೀಗಡಿಗಳು ಬಾಣಲೆಯಲ್ಲಿ ಹುರಿದಂತೆ ಚಟಚಟ ಅನ್ನುತ್ತಿದ್ದವು. ದೂರದಲ್ಲೆಲ್ಲೋ ತಿಮಿಂಗಿಲವೊಂದು ತೊಟ್ಟಿಲು ತೂಗುವವರಂತೆ ಗುನುಗುತ್ತಿತ್ತು. ಎಚ್ಚರವೋ ಕನಸೋ ತಿಳಿಯುತ್ತಿರಲಿಲ್ಲ.

ನಲವತ್ಮೂರರ ಮಾರ್ಚ್‌ನಲ್ಲಿ, ಸಿಸಿಲಿಯ ಹತ್ತಿರ, ಶತ್ರುವಿನ ಸರಕು ಹಡಗೊಂದನ್ನು ಹೊಡೆದೆವು. ಅದು ಮುಳುಗಿ ತಳದಲ್ಲಿ ಕೂತಿತು. ನಾವೂ ಸದ್ದಿಲ್ಲದೆ ಸಮೀಪದಲ್ಲೇ ತಳಕ್ಕಿಳಿದೆವು. ಆ ಹಡಗಿನ ಉಕ್ಕು ನರಳುವುದು ನಿಂತ ಮೇಲೆ ಇನ್ನೊಂದು ಸದ್ದು. ಒಳಗಿನಿಂದ ಯಾರೋ ತಟ್ಟುತ್ತಿದ್ದರು. ಸ್ವಲ್ಪ ತಟ್ಟುವುದು, ನಿಲ್ಲಿಸುವುದು, ಮತ್ತೆ ತಟ್ಟುವುದು.

ಕ್ಯಾಪ್ಟನ್ ನನ್ನತ್ತ ಬಗ್ಗಿ ಕೇಳಿದರು: "ಏನಾದ್ರೂ ಕೇಳ್ತಿದೆಯೇನಪ್ಪಾ?"

"ಏನೂ ಇಲ್ಲ ಸರ್" ಅಂದೆ.

ಹೇಳಿದ್ದರೂ ಮಾಡುವಂಥದ್ದೇನೂ ಇರಲಿಲ್ಲ. ಮೇಲೆ ಕಾವಲು ಹಡಗುಗಳು ನಮ್ಮನ್ನು ಹುಡುಕುತ್ತಿದ್ದವು. ಆದರೂ ನಲವತ್ತು ನಿಮಿಷ, ಅದು ನಿಲ್ಲುವವರೆಗೆ, ನಾನೊಬ್ಬನೇ ಕೇಳಿದೆ. ಅಂದಿನಿಂದ ಯಾರು ಏನು ಕೇಳಿದರೂ ಬಾಯಿಗೆ ಅದೇ ಉತ್ತರ ಬರುತ್ತಿತ್ತು. ಒಮ್ಮೆ ಬಟ್ಟೆ ಒಣಹಾಕುತ್ತ ನೀನು "ಯಾಕ್ ಹೀಗಿದೀಯ ಕ್ಲೆಮ್? ನನ್ ಮೇಲೆ ಕೋಪಾನಾ?" ಎಂದು ಕೇಳಿದೆ. ಏನೂ ಇಲ್ಲ ಅಂದೆ. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದ ದಿನ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಟ್ಟೆ.

ಇವತ್ತು ಬೆಳಿಗ್ಗೆ ಗುಜರಿ ಅಂಗಳದ ಮೇಸ್ತ್ರಿ ಮಕ್‌ಫೀಯನ್ನು, ಒಂದು ಸಲ ಒಳಗೆ ಬಿಡಿ ಎಂದು ಬೇಡಿಕೊಂಡೆ. "ಇದ್ರಿಂದ ಹೊರಗ್ ಬರಕ್ಕೆ ಬೇಡ್ಕೊಂಡೋರ್ನ ನೋಡಿದೀನಿ. ಒಳಗ್ ಹೋಗಕ್ಕೆ ಬೇಡ್ಕೊಳ್ಳೋನು ನೀನೇ ಮೊದಲ್ನೇವ್ನು" ಎಂದು ಗೊಣಗುತ್ತ ಏಣಿ ಹಿಡಿದ.

ನನ್ನ ಜಾಗದಲ್ಲಿ ಕೂತೆ. ಯಂತ್ರವನ್ನು ಕಿತ್ತೊಯ್ದಿದ್ದರು. ಮೇಲ್ಭಾಗ ಕತ್ತರಿಸಿದ್ದರಿಂದ ಬಿಸಿಲು ಮಡಿಲಿಗೇ ಬೀಳುತ್ತಿತ್ತು. ಆ ಸದ್ದು ಇಲ್ಲೇ ಎಲ್ಲೋ ಕಾದಿರುತ್ತದೆಂದು ಕಿವಿಗೊಟ್ಟೆ. ಕಡಲಹಕ್ಕಿಗಳು, ಹೊರಗೆ ಫುಟ್‌ಬಾಲ್ ವಿಷಯಕ್ಕೆ ಜಗಳವಾಡುತ್ತಿದ್ದ ಕೆಲಸಗಾರರು, ಅಷ್ಟೇ. ಬಹಳ ಹೊತ್ತು ಅತ್ತೆ. ಆಮೇಲೆ ನಿದ್ದೆ ಬಂತು.

ಮಕ್‌ಫೀ ಎಬ್ಬಿಸಿದಾಗ ಟೀ ಹೊತ್ತಾಗಿತ್ತು. "ಏನ್ ಗೊರಕೆನಪ್ಪಾ ನಿಂದು. ಪಾಪ, ನಿನ್ ಹೆಂಡ್ತಿ" ಎಂದ. ಅವಳು ಅದನ್ನು ಕೇಳಿ ಬಹಳ ದಿನವಾಯಿತು ಅಂದೆ.

ಕ್ಷಮಿಸೆಂದು ಕೇಳುತ್ತಿಲ್ಲ, ಎನಿಡ್. ತಪ್ಪು ನಿನ್ನದಿರಲಿಲ್ಲ, ಅಷ್ಟು ನಿನಗೆ ಗೊತ್ತಿರಲಿ.

ಇನ್ನೂ ನಿನ್ನವನೆಂದು ಬರೆಯಬಹುದಾದರೆ, ನಿನ್ನ
ಕ್ಲೆಮ್

ಮತ್ತೊಂದು ಮಾತು, 16ನೇ ತಾರೀಖು: ಇದನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ರೈಲಿನಲ್ಲಿ ಗಾಸ್ಪೋರ್ಟ್‌ಗೆ ತಂದು ನಾನೇ ನಮ್ಮ ಮನೆಯ ಬಾಗಿಲಡಿ ತೂರಿಸಿದ್ದೇನೆ. ಎದುರಿನ ಬೇಕರಿಯ ಗೋಡೆಯ ಮೇಲೆ ಕೂತಿದ್ದೇನೆ, ಪರದೆ ಸರಿಸಿದರೆ ಕಾಣುತ್ತೇನೆ. ಬೇಡವೆನಿಸಿದರೆ ಸರಿಸಬೇಡ, ಆರರ ಬಸ್ಸಿಗೆ ಹೋಗುತ್ತೇನೆ. ಏಳಕ್ಕೂ ಒಂದಿದೆಯಂತೆ.