ಡಾಕ್ಟರಿಗೆ ಹೇಳಿದ ಸುಳ್ಳು

ಶ್ರವಣ್,

ಗಂಜಿ ಮಾಡಿಟ್ಟಿದ್ದೇನೆ, ಸ್ವಲ್ಪ ಸ್ವಲ್ಪವೇ ಉಣ್ಣು. ಅಕ್ಕಿ ಡಬ್ಬದಲ್ಲಿ ನೀನು ಅಡಗಿಸಿಟ್ಟ ಬಾಟಲಿ ಸಿಕ್ಕಿತು. ಚೆಲ್ಲಲಿಲ್ಲ. ಚೆಲ್ಲಿದರೆ ಬೈಕಿನಲ್ಲಿ ಮಡಂತ್ಯಾರು ಪೇಟೆಗೆ ಹೋಗಿ ಇನ್ನೊಂದು ತರ್ತಿ.

ನೀನು ನೂರ ನಲ್ವತ್ತು ಕಿಲೋ ಇದ್ದಾಗ ಮದುವೆ ಮಂಟಪದಲ್ಲಿ ಕುರ್ಚಿ ಮುರಿದು ಎಲ್ಲರೂ ನಕ್ಕರು. ಅದಕ್ಕೇ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸು ಅಂತ ನಾನೇ ಹಟ ಹಿಡಿದದ್ದು. ಊಟ ಬಿಟ್ಟವನು ಕುಡಿತ ಹಿಡೀತಾನೆ ಅಂತ ನನಗೆ ಗೊತ್ತಿರಲಿಲ್ಲ ಮಾರಾಯ.

ಹೋದ ಸಲ ಡಾಕ್ಟರು "ಇವರು ಕುಡೀತಾರಾ?" ಅಂತ ಕೇಳಿದಾಗ ನೀನು ಮೇಜಿನ ಅಡಿಯಲ್ಲಿ ನನ್ನ ಕೈ ಗಟ್ಟಿ ಹಿಡಿದೆ. ನಾನು "ಇಲ್ಲ" ಅಂದೆ.

ಈಗ ನಿನ್ನ ಲಿವರಿನ ರಿಪೋರ್ಟ್ ಹಿಡಿದುಕೊಂಡು ಅವರಲ್ಲಿಗೇ ಹೊರಟಿದ್ದೇನೆ. ಇವತ್ತು ನಿಜ ಹೇಳ್ತೇನೆ. "ಮೊದಲೇ ಯಾಕೆ ಹೇಳಲಿಲ್ಲ?" ಅಂತ ಅವರು ಕೇಳಿದರೆ, ನೀನು ಕೈ ಹಿಡಿದದ್ದನ್ನೂ ಹೇಳ್ತೇನೆ.

ಅಕ್ಕ